ಗಾಯದ ಬಿಲ್ಲೆಗಳ ಮೇಲಿನ ಹೊಳಪು

ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದವರನ್ನು ಬೀದಿಯವರೆಲ್ಲ ಬಿಲ್ಲೆಯಣ್ಣ ಎಂದು ಕರೆಯುತ್ತಿದ್ದರು. ಹಳೆಯ ಜರ್ಮನ್ ಬಿಲ್ಲೆಗಳು ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದು ಅವರ ಕಸುಬು. ಇಂಥದ್ದೂ ಒಂದು ಕಸುಬು ಇರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ. ಯಾವುದೋ ಕಾಲದ ಯುದ್ಧದಲ್ಲಿ ಯಾವನೋ ಸಿಪಾಯಿ ಎದೆಗೆ ಸಿಕ್ಕಿಸಿಕೊಂಡಿದ್ದ ತಗಡಿನ ತುಂಡನ್ನು ಹುಡುಕಿ ಹುಡುಕಿ ಕೂಡಿಡುವವರು ಊರೂರಲ್ಲೂ ಇದ್ದಾರಂತೆ. ಅಂಥವರ ಆಸೆಯನ್ನೇ ನಂಬಿ, ಹೊಸ ತಗಡಿಗೆ ಮುದಿತನ ಬರಿಸಿ ಮಾರುವವರೂ ಅಷ್ಟೇ ಜನ ಇದ್ದಾರಂತೆ. ಇವರಿಬ್ಬರ ನಡುವೆ ಭೂತಗನ್ನಡಿ ಹಿಡಿದು ಕೂತವರು ನಮ್ಮ ಬಿಲ್ಲೆಯಣ್ಣ.

ಮೆಟ್ಟಿಲು ಹತ್ತಿದೊಡನೆ ಸಿಗುತ್ತಿದ್ದುದು ಅವರ ಕೆಲಸದ ಕೋಣೆ. ಕಿಟಕಿಗೆ ಒತ್ತಿಕೊಂಡಂತೆ ಒಂದು ಮೇಜು. ಅದರ ಮೇಲೆ ಕಪ್ಪು ಬಟ್ಟೆ, ಒಂದು ಅಯಸ್ಕಾಂತ, ಅಕ್ಕಸಾಲಿಗರ ತಕ್ಕಡಿ, ಅರಗಿನ ಕಡ್ಡಿ. ಅಸಲಿ ಎಂದು ಒಪ್ಪಿದ ಬಿಲ್ಲೆಯನ್ನು ನೀಲಿ ಕಾಗದದಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿಕೊಡುತ್ತಿದ್ದರು. ಆ ಮುದ್ರೆ ಇದ್ದರೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಕೆಲಸದ ಕೋಣೆಯ ಆಚೆಗೆ, ಬರೀ ಹಲಗೆ ಹೊಡೆದ ಗೋಡೆಯ ಹಿಂದೆ, ಅವರ ತಾಯಿಯ ಕೋಣೆ. ಅಜ್ಜಿಗೆ ಕಣ್ಣು ಪೂರ್ತಿ ಹೋಗಿತ್ತು. ನಾನು ಕೆಳಗೆ ಹೊಲಿಗೆ ಮುಗಿಸಿ, ಮಧ್ಯಾಹ್ನದ ಮೇಲೆ ಹತ್ತಿ ಹೋಗಿ, ಪ್ರಾರ್ಥನೆಯ ಪುಸ್ತಕದಿಂದ ಒಂದೆರಡು ಪುಟ ಅವರಿಗೆ ಓದಿ ಹೇಳುತ್ತಿದ್ದೆ. ಓದಿದ ಮೇಲೆ ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ.

ಬಿಲ್ಲೆಯಣ್ಣನ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಬಿಲ್ಲೆಯ ಬೆನ್ನು ಪೂರ್ತಿ ನೋಡಿ ಮುಗಿಯುವತನಕ ಅದರ ಮುಖವನ್ನು ಅವರು ನೋಡುತ್ತಿರಲಿಲ್ಲ. ಪೊಟ್ಟಣ ಬಿಚ್ಚುವಾಗಲೇ ಕವುಚಿ ಹಿಡಿಯುತ್ತಿದ್ದರು. ಸೂಜಿ ಹೇಗೆ ಬೆಸೆದಿದೆ, ಕೊಕ್ಕೆ ಹೇಗೆ ಬಗ್ಗಿದೆ, ಮೂಲೆಯ ತುಕ್ಕು ತಾನಾಗಿ ಬಂದದ್ದೋ ಬರಿಸಿದ್ದೋ, ತಗಡು ಅಚ್ಚಿನ ಕೆಳಗೆ ಒತ್ತಿದ್ದೋ ಎರಕ ಹೊಯ್ದದ್ದೋ ಎಂದು ದಿನಗಟ್ಟಲೆ ನೋಡುತ್ತಿದ್ದರು. ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು, ಮೈ ಅಲುಗಿಸದೆ, ತಾವೇ ಒಂದು ಮೇಜಿನ ಸಾಮಾನು ಎಂಬಂತೆ.

"ಮುಖಾನ ಎಲ್ಲರೂ ಚೆನ್ನಾಗೇ ಮಾಡ್ತಾರಮ್ಮ," ಎಂದು ಒಮ್ಮೆ ನನಗೆ ಹೇಳಿದ್ದರು. "ಮಾರೋದು ಅದನ್ನೇ ಅಲ್ವಾ. ಮುಖ ಮೊದಲು ನೋಡಿದ್ರೆ ಮನಸ್ಸು ಅದರ ಕಡೆ ವಾಲಿಬಿಡುತ್ತೆ. ಆಮೇಲೆ ಬೆನ್ನಿನ ತಪ್ಪು ಕಣ್ಣಿಗೆ ಬೀಳಲ್ಲ."

ಅವರ ಹೆಂಡತಿ ಅಡುಗೆಮನೆಯಿಂದಲೇ ಅಂದರು, "ನನ್ನ ಮದುವೆಯಾಗುವಾಗ ಇವರು ಯಾವ ಕಡೆ ನೋಡಿ ಒಪ್ಪಿದ್ರೋ ನನಗೆ ಇವತ್ತಿಗೂ ತಿಳಿದಿಲ್ಲ. ತಿರುಗಿ ನಿಂತ್ಕೋ ಅನ್ನಲಿಲ್ಲ, ಅದೇ ನನ್ನ ಪುಣ್ಯ."

"ಅಯಸ್ಕಾಂತ ಇಟ್ಟು ನೋಡಿದ್ದೆ," ಎಂದರು ಬಿಲ್ಲೆಯಣ್ಣ ತಲೆಯೆತ್ತದೆ.

ನಾನು ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಮಾತಿಗೆ ಮಾತು ಕೊಡುವ ಹೆಂಗಸು. ಆದರೆ ಆಡಬಾರದ ಮಾತನ್ನು ಎಷ್ಟು ದಿನ ಬೇಕಾದರೂ ನುಂಗಿಕೊಂಡಿರಬಲ್ಲವರು ಎಂಬುದು ನನಗೆ ಆಮೇಲೆ ತಿಳಿಯಿತು.

ಈ ವಿದ್ಯೆ ಬಿಲ್ಲೆಯಣ್ಣನಿಗೆ ಬಂದದ್ದು ಮನೆಯಿಂದಲೇ. ಅವರ ತಂದೆಗೆ ತಗಡು ಒತ್ತುವ ಸಣ್ಣ ಕಾರ್ಖಾನೆ ಇತ್ತು. ಬಸ್ ಕಂಡಕ್ಟರರ ಬಿಲ್ಲೆ, ಜವಾನರ ಬಿಲ್ಲೆ, ಶಾಲಾ ಮಕ್ಕಳ ಬಿಲ್ಲೆ, ಕೋಟಿನ ಗುಂಡಿ ಎಲ್ಲ ಅಲ್ಲಿ ಆಗುತ್ತಿದ್ದವು. ದೊಡ್ಡ ಮಗನಾದ ಇವರು ಕೂತು ಉಕ್ಕಿನಲ್ಲಿ ಅಚ್ಚು ಕೆತ್ತುತ್ತಿದ್ದರು. ಚಿಕ್ಕವನು ಪ್ರೆಸ್ಸಿನ ಮುಂದೆ ನಿಂತು ಒತ್ತುತ್ತಿದ್ದ. ತಾಯಿಯ ಬಾಯಲ್ಲಿ ಇವರು ದೊಡ್ಡು, ಅವನು ಸಣ್ಣು. ಒತ್ತಿ ಬಿದ್ದ ಬಿಲ್ಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ತಗಡಿನ ಮುಳ್ಳು ಉಳಿದುಬಿಡುತ್ತದೆ. ಹಾಗೇ ಬಿಟ್ಟರೆ ತೊಟ್ಟವರ ಬಟ್ಟೆ ಗೀರುತ್ತದೆ. ಅದಕ್ಕೆ ಸಣ್ಣು ಪ್ರತಿಯೊಂದನ್ನೂ ಕವುಚಿ ಹಿಡಿದು, ಅಡಿಯಲ್ಲಿರುವ ಹೆಬ್ಬೆರಳಿನ ಪಕ್ಕದಿಂದ ಒಂದು ಕಡೆಯ ಅಂಚನ್ನು ಕೆಳಗಿನಿಂದ ಮೇಲಕ್ಕೆ ಸವರಿ ನೋಡಿಯೇ ಬುಟ್ಟಿಗೆ ಹಾಕುತ್ತಿದ್ದ. ಬರಬರುತ್ತ ಅದು ಅವನ ಚಾಳಿಯಾಯಿತು. ಊಟದ ತಟ್ಟೆಯಾಗಲಿ, ದೀಪದ ತಗಡಾಗಲಿ, ಕೈಗೆ ಅಂಚು ಸಿಕ್ಕಿದರೆ ಸಾಕು, ಹೆಬ್ಬೆರಳು ಓಡಾಡುತ್ತಿತ್ತು.

"ಸುಮ್ಮನೆ ಊಟ ಮಾಡೋ, ತಟ್ಟೆ ಸವೆದು ಹೋದೀತು ಅಂತಿದ್ದೆ," ಎಂದು ಅಜ್ಜಿ ನನಗೆ ಹೇಳುತ್ತಿದ್ದರು. "ನಗ್ತಿದ್ದ. ಮತ್ತೆ ಸವರ್ತಿದ್ದ."

ಆ ಸಣ್ಣು ಒಂದು ದಿನ ಯಾರದೋ ಅಚ್ಚು ತಂದು ಗುಟ್ಟಾಗಿ ಜರ್ಮನ್ ಬಿಲ್ಲೆಗಳ ನಕಲು ಒತ್ತುತ್ತಿದ್ದುದನ್ನು ಅಣ್ಣ ಕಂಡುಹಿಡಿದರು. ಕೆಲಸಗಾರರೆಲ್ಲ ನೋಡುತ್ತಿರುವಾಗಲೇ, ಮೋಸ ಮಾಡುವ ಕೈಗೆ ಈ ಮನೆಯಲ್ಲಿ ಅನ್ನವಿಲ್ಲ ಎಂದರು. ಸಣ್ಣು ಕೈಯ ಎಣ್ಣೆ ಒರೆಸಿಕೊಂಡು ಹೊರಗೆ ಹೋದವನು ಮತ್ತೆ ಬರಲಿಲ್ಲ. ಸುದ್ದಿಯೂ ಬರಲಿಲ್ಲ. ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ತಂದೆ ತೀರಿಹೋದರು. ಅಣ್ಣ ಹೇಗೋ ಕೆಲವು ವರ್ಷ ಕಾರ್ಖಾನೆ ನಡೆಸಿ, ಕೊನೆಗೆ ಮುಚ್ಚಿ, ಈ ಮೇಜಿನ ಮುಂದೆ ಬಂದು ಕೂತರು. ತಾಯಿ ದೊಡ್ಡ ಮಗನ ಮೇಲೆ ಎಂದೂ ಕೂಗಾಡಲಿಲ್ಲ, ಊಟ ಮಾತ್ರ ದಿನದಿನಕ್ಕೆ ಕಡಿಮೆ ಮಾಡುತ್ತ ಬಂದರು. ಅವರು ದಿನಕ್ಕೊಮ್ಮೆ ಕೇಳುತ್ತಿದ್ದುದು ಒಂದೇ ಮಾತು. "ದೊಡ್ಡು, ಅವನ ವಿಷಯ ಏನಾದ್ರೂ ತಿಳೀತಾ?" ಆ ಒಂದು ಮಾತಿಗೆ ಉತ್ತರ ಸಿಕ್ಕರೆ ಬಿಲ್ಲೆಯಣ್ಣ ತಮ್ಮ ಎರಡು ಕಣ್ಣನ್ನೂ ಕೊಡುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಓದುತ್ತಿದ್ದೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

"ಕೇಳಿಸ್ತಾ?"

"ಏನಜ್ಜಿ?"

"ಸಣ್ಣು ಬಂದಿದ್ದಾನೆ. ಅಂಚು ಸವರ್ತಿದ್ದಾನೆ ನೋಡು."

ನಾನು ಕಿವಿಗೊಟ್ಟೆ. ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಆಮೇಲೆ ಏನೂ ಇಲ್ಲ. ಹಲಗೆಯ ಆಚೆ ಬಿಲ್ಲೆಯಣ್ಣ ಒಬ್ಬರೇ ಕೆಲಸ ಮಾಡುತ್ತಿದ್ದರು. ಅಜ್ಜಿ ಮಾತ್ರ ಮುಖ ಆ ಕಡೆ ತಿರುಗಿಸಿ, ಮನೆಗೆ ಬಂದ ಮಗನನ್ನು ಕಂಡವರ ಹಾಗೆ ಮೆಲ್ಲಗೆ ತಲೆಯಾಡಿಸುತ್ತಿದ್ದರು. ನನಗೆ ಹೆದರಿಕೆಯಾಯಿತು. ವಯಸ್ಸಾದವರ ಕಿವಿ ಎಂದುಕೊಂಡು ದೇವರ ಹೆಸರು ಹೇಳಿ ಮತ್ತೆ ಓದಿದೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

ಆ ದಿನಗಳಲ್ಲಿ ಮೇಜಿನ ಮೇಲಿದ್ದುದು ಕೋಟಿನವರು ತಂದ ಪೆಟ್ಟಿಗೆ. ಅವರು ಹಳೆಯ ಸಾಮಾನಿನ ಅಂಗಡಿಯವರು. ಎಂಥ ಬೇಸಿಗೆಯಲ್ಲೂ ಕೋಟು ಬಿಚ್ಚದಿದ್ದುದರಿಂದ ಆ ಹೆಸರು. ಪೆಟ್ಟಿಗೆಯಲ್ಲಿದ್ದವು ಗಾಯದ ಬಿಲ್ಲೆಗಳು. ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ, ಗಾಯಗೊಂಡ ಸಿಪಾಯಿಗಳಿಗೆ ಜರ್ಮನಿಯವರು ಕೊಟ್ಟವು. ಒಂದೋ ಎರಡೋ ಗಾಯಕ್ಕೆ ಕಪ್ಪು, ಹೆಚ್ಚಾದರೆ ಬೆಳ್ಳಿಯ ಬಣ್ಣ, ಇನ್ನೂ ಹೆಚ್ಚಾದರೆ ಚಿನ್ನದ ಬಣ್ಣ. ಕೋಟಿನವರು ತಂದವು ಎಲ್ಲ ಕಪ್ಪು. ತೆಳು ಕಬ್ಬಿಣದ ತಗಡಿನ ಮೇಲೆ ಕಪ್ಪು ಬಣ್ಣ. ಸುತ್ತ ಎಲೆಗಳ ಹಾರ, ನಡುವೆ ಶಿರಸ್ತ್ರಾಣ, ಅದರ ಹಿಂದೆ ಎರಡು ಕತ್ತಿ.

"ಒಂದೊಂದೂ ಒಂದೊಂದು ಮನೆಯಿಂದ ಬಂದದ್ದು," ಎಂದಿದ್ದರು ಕೋಟಿನವರು. "ಒಬ್ಬ ನದೀ ದಂಡೆಯಲ್ಲಿ ಬಿದ್ದವನು, ಇನ್ನೊಬ್ಬ ಆಸ್ಪತ್ರೇಲಿ ತೀರ್ಕೊಂಡವನು. ನನಗೆ ಮಾಲು ಕೊಡೋ ಸಗಟಿನವನು ಎಲ್ಲರ ಕತೆ ಹೇಳಿದ. ನಾನು ಅರ್ಧ ಮರೆತೆ."

"ಕತೆ ಬೇಡ. ಬಿಟ್ಟು ಹೋಗಿ," ಎಂದಿದ್ದರು ಬಿಲ್ಲೆಯಣ್ಣ.

"ನಿಮ್ಮ ಬಾಯಿಂದ ಅಸಲಿ ಅನ್ನೋ ಮಾತು ಬರಬೇಕಾದ್ರೆ ನಾನು ಇನ್ನೊಂದು ಜನ್ಮ ಎತ್ತಿ ಬರಬೇಕು."

"ಆಗಲಾದ್ರೂ ಕೋಟು ಬಿಚ್ಚಿ ಬನ್ನಿ," ಎಂದರು ಅಕ್ಕ.

ಬೆನ್ನು ನೋಡುವ ಕೆಲಸ ಮುಗಿದ ದಿನ ನಾನು ಅಲ್ಲೇ ಇದ್ದೆ. ಹೊತ್ತು ಇಳಿಯುತ್ತಿತ್ತು. ಬಿಲ್ಲೆಯಣ್ಣ ಒಂದನ್ನು ಮೆಲ್ಲಗೆ ತಿರುಗಿಸಿ ಮುಖ ನೋಡಿದರು. ಎಲೆಹಾರದ ಕೆಳಗಿನ ಒಂದು ಮಗ್ಗುಲಲ್ಲಿ ಕಪ್ಪು ಬಣ್ಣ ಹೋಗಿ, ಎಳೆಯ ಚಂದ್ರನ ಆಕಾರಕ್ಕೆ ಕಬ್ಬಿಣ ಹೊಳೆಯುತ್ತಿತ್ತು. ತೊಟ್ಟು ತೊಟ್ಟು ಬಿಲ್ಲೆ ಸವೆಯುವುದು ಉಬ್ಬಿದ ಜಾಗದಲ್ಲಿ, ಶಿರಸ್ತ್ರಾಣದ ನೆತ್ತಿಯಲ್ಲಿ. ಇಲ್ಲಿ ಸವೆದಿದ್ದುದು ಅಂಚು. ಅವರು ಇನ್ನೊಂದನ್ನು ತಿರುಗಿಸಿದರು. ಅದೇ ಜಾಗ, ಅದೇ ಹೊಳಪು. ಮತ್ತೊಂದು. ಮತ್ತೊಂದು. ನದೀ ದಂಡೆಯವನದು, ಆಸ್ಪತ್ರೆಯವನದು, ಹೆಸರು ಮರೆತವರದು, ಎಲ್ಲದರ ಮೇಲೂ ಒಂದೇ ಗುರುತು. ಅಷ್ಟು ಜನ ಸತ್ತವರ ಎದೆಯ ಮೇಲೆ ಒಬ್ಬನೇ ಬಂದು, ಒಂದೇ ಬೆರಳಿನಿಂದ, ಒಂದೇ ಕಡೆ ಸವರಿ ಹೋಗಿದ್ದ ಹಾಗಿತ್ತು. ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಬಿಲ್ಲೆ ಮಸುಕಾಗಿ, ಆ ಹೊಳಪುಗಳು ಮಾತ್ರ ಕಂಡವು.

ಬಿಲ್ಲೆಯಣ್ಣ ಎದ್ದು ಹೋಗಿ ತಾಯಿಯ ಕೈಗೆ ಒಂದನ್ನು ಕೊಟ್ಟರು. ಏನೂ ಹೇಳಲಿಲ್ಲ. ಅಜ್ಜಿಯ ಬೆರಳು ಅಂಚಿನ ಸುತ್ತ ಓಡಾಡಿ, ಆ ಸವೆದ ಜಾಗಕ್ಕೆ ಬಂದು ನಿಂತಿತು.

"ಇದು ಸಣ್ಣುದು," ಎಂದರು. "ಹೇಳ್ಲಿಲ್ವಾ ನಾನು. ಬಂದಿದ್ದಾನೆ ಅಂತ."

ಎಲ್ಲೋ ಒಂದು ಕಡೆ ಸಣ್ಣು ಇನ್ನೂ ಪ್ರೆಸ್ಸಿನ ಮುಂದೆ ನಿಂತಿದ್ದಾನೆ, ನಕಲು ಒತ್ತುತ್ತಿದ್ದಾನೆ, ಅಂದರೆ ಬದುಕಿದ್ದಾನೆ. ಬಿಲ್ಲೆಯಣ್ಣ ಹೀಗೆ ಲೆಕ್ಕ ಹಾಕಿದರು. ಬೆನ್ನು ನೋಡಿದಾಗಲೇ ಅವರಿಗೆ ಅವು ನಕಲಿ ಎಂದು ತಿಳಿದಿತ್ತು. ಬಣ್ಣ ಹೊಸದು, ಮೆತ್ತಗಿತ್ತು. ತುಕ್ಕು ಹುಳಿ ಹಾಕಿ ಬರಿಸಿದ್ದು. ಆದರೆ ನಕಲಿ ಎಂದುಬಿಟ್ಟರೆ ಕೋಟಿನವರು ಪೆಟ್ಟಿಗೆಯನ್ನು ಸಗಟಿನವನ ಮುಖದ ಮೇಲೆ ಎಸೆದು ಬರುತ್ತಾರೆ. ದಾರಿ ಅಲ್ಲಿಗೆ ಕಡಿದುಹೋಗುತ್ತದೆ. ಅಸಲಿ ಎಂದರೆ ಇನ್ನೊಂದು ಪೆಟ್ಟಿಗೆ ಬರುತ್ತದೆ, ಅದರ ಹಿಂದೆ ಮತ್ತೊಂದು, ಕೊನೆಗೆ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ.

ಕೋಟಿನವರು ಬಂದರು. ಒಂದನ್ನು ಎತ್ತಿ ಹಿಡಿದು, "ಏನಂತೀರಿ?" ಎಂದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಿಲ್ಲೆಯಣ್ಣ ನೀಲಿ ಕಾಗದ ತೆಗೆದು ಬಿಲ್ಲೆ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತಿದರು.

"ಉಳಿದವು ಇನ್ನೂ ನೋಡಬೇಕು. ಸಗಟಿನವರ ಹತ್ತಿರ ಇನ್ನೂ ಇದ್ರೆ ತನ್ನಿ," ಎಂದರು. "ಎಲ್ಲಿಂದ ಬರುತ್ತೆ ಅಂತ ಸ್ವಲ್ಪ ಕೇಳಿ."

ಕೋಟಿನವರು ಆ ಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದು ನೋಡಿದರು. "ನಿಮ್ಮ ಮೈ ಸರಿಯಿದೆಯಾ?" ಎಂದು ಕೇಳಿ, ನಗುತ್ತ ಇಳಿದು ಹೋದರು. ಆ ಬಿಲ್ಲೆಯನ್ನು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಕೊಂಡರು. ಮುದ್ರೆ ನೋಡಿದ ಮೇಲೆ ಇನ್ನೇನೂ ಕೇಳಲಿಲ್ಲವಂತೆ.

ಅಂದಿನಿಂದ ಆ ಮನೆಯ ಗಾಳಿಯೇ ಬದಲಾಯಿತು. ಅಜ್ಜಿಗೆ ಬಿಟ್ಟುಹೋಗಿದ್ದ ಊಟ ಮತ್ತೆ ಹಿಡಿಯಿತು. ಹೊಸ ಪೆಟ್ಟಿಗೆ ಬಂತೆಂದರೆ ಕೂದಲು ಬಾಚಿಸಿಕೊಂಡು ಕೂರುತ್ತಿದ್ದರು. ಮಧ್ಯಾಹ್ನ ಹಲಗೆಯ ಕಡೆ ಮುಖ ಮಾಡಿ, ನನಗೆ ಕೇಳಿಸದ ಯಾವುದಕ್ಕೋ ಉತ್ತರ ಕೊಡುತ್ತಿದ್ದರು. "ಹೂಂ. ಹೌದಾ. ಅಷ್ಟು ದೂರಾನಾ?" ಓದುವ ಪುಸ್ತಕ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. ಆಮೇಲೆ ಪೆಟ್ಟಿಗೆಯ ಬೆನ್ನು ನೋಡುವುದು ಮುಗಿದು ಮುಖ ತಿರುಗಿಸಿದಾಗ, ಪ್ರತಿ ಸಲವೂ, ಅಲ್ಲಿ ಆ ಹೊಳಪು ಇರುತ್ತಿತ್ತು. ಬಿಲ್ಲೆಯಣ್ಣ ಸೊರಗಿದರು. ಸಗಟಿನವನು ಊರು ಹೇಳಲಿಲ್ಲ. ಸುಳ್ಳು ಮುದ್ರೆಯ ಪೊಟ್ಟಣಗಳು ಇನ್ನೂ ಒಂದೆರಡು ಆ ಮೆಟ್ಟಿಲಿಳಿದು ಹೋದವು.

ಒಂದು ದಿನ ಅಕ್ಕ ನನ್ನ ಕೋಣೆಗೆ ಇಳಿದು ಬಂದರು. ಬಂದವರು ಹೊಲಿಗೆ ಯಂತ್ರದ ಪಕ್ಕ ಕೂತು, ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಮಡಚಿಟ್ಟರು.

"ಆ ಹೊಳಪು ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು," ಎಂದರು ಕೊನೆಗೆ.

"ಎಲ್ಲಿಂದಕ್ಕಾ?"

"ಸಣ್ಣು ಹೋದ ಮೇಲೆ ಪ್ರೆಸ್ಸಿನ ಮುಂದೆ ನಿಂತವರು ಯಾರು ಹೇಳು. ಕೂಲಿಯವರು ನಿಲ್ಲಲಿಲ್ಲ. ಇವರೇ ನಿಂತ್ರು. ಅಷ್ಟು ವರ್ಷ ಇವರೇ ಒತ್ತಿದ್ರು, ಇವರೇ ಅಂಚು ಸವರಿದ್ರು." ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ಬೆನ್ನು ನೋಡೋವಾಗ ಬಿಲ್ಲೆ ಕವುಚಿ ಹಿಡೀತಾರೆ. ಹೆಬ್ಬೆರಳು ಅಡಿಗೆ ಹೋಗುತ್ತೆ. ಆ ಹೆಬ್ಬೆರಳು ಒಂದು ಗಳಿಗೆ ಸುಮ್ಮನಿರಲ್ಲ ಕಣೇ. ದಿನವೆಲ್ಲ ಸವರ್ತಾ ಇರುತ್ತೆ. ಮೆತ್ತಗಿನ ಬಣ್ಣ, ಬೆವರು ಕೈ. ಎರಡು ದಿನಕ್ಕೆ ಎದ್ದು ಬರುತ್ತೆ. ಎದುರಿಗೆ ಕೂತು ಬಟಾಣಿ ಬಿಡಿಸ್ತಾ ನೋಡಿದೆ ನಾನು."

ಅಜ್ಜಿ ಕೇಳುತ್ತಿದ್ದ ಸದ್ದು ಯಾವುದೆಂದು ಆಗ ತಿಳಿಯಿತು. ತಿಳಿದದ್ದರಿಂದ ಹೆದರಿಕೆ ಕಡಿಮೆಯಾಗಲಿಲ್ಲ.

"ಹೇಳ್ಲಿಲ್ವಾ ಅವರಿಗೆ?"

"ಅತ್ತೆ ಊಟ ಮಾಡ್ತಿದ್ದಾರಲ್ಲ," ಎಂದರು ಅಕ್ಕ. "ಮಗ ಬದುಕಿದ್ದಾನೆ ಅಂತ ಊಟ ಮಾಡ್ತಿದ್ದಾರೆ. ನಾನು ಹೇಳಿದ್ರೆ ಸಣ್ಣು ಇನ್ನೊಂದು ಸಲ ಮನೆ ಬಿಟ್ಟು ಹೋದಹಾಗೆ. ಹೇಳದೇ ಇದ್ರೆ ಇವರ ಮುದ್ರೆ ಹಾಳಾಗಿ ಹೋಗ್ತಿದೆ. ಪಾಪದ ಮೇಷ್ಟ್ರು ದಿನಾ ಒರೆಸಿ ಒರೆಸಿ ಇಡ್ತಾರಂತೆ ಅದನ್ನ. ನೀನು ದೇವರನ್ನ ನಂಬೋಳು. ನೀನು ಹೇಳು, ಏನು ಮಾಡಲಿ."

ನನಗೆ ತಿಳಿದದ್ದನ್ನು ಹೇಳಿದೆ. ದೇವರ ಎದುರು ಕೂತಾಗ ಹೇಳಲಾಗದ ಸುಳ್ಳು ಮನೆಯಲ್ಲಿ ಬಹಳ ದಿನ ಉಳಿಯಬಾರದಕ್ಕಾ, ಎಂದೆ. ಅವರು ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ನೀನೂ ಬಾ," ಎಂದರು. "ಒಬ್ಬಳೇ ಹೇಳಿದ್ರೆ ನಂಬಲ್ಲ ಇವರು. ಹೆಂಡತಿ ಮಾತಿಗೆ ಮುದ್ರೆ ಎಲ್ಲಿದೆ."

ಬಿಲ್ಲೆಯಣ್ಣ ಕೇಳಿಸಿಕೊಂಡರು. ಕೋಪಿಸಿಕೊಳ್ಳಲಿಲ್ಲ. ತಮ್ಮ ಬಲಗೈಯನ್ನು ಮೇಜಿನ ಮೇಲೆ ಇಟ್ಟು, ಬೇರೆಯವರು ತಂದುಕೊಟ್ಟ ವಸ್ತುವನ್ನು ನೋಡುವಂತೆ ನೋಡಿದರು.

"ನಾನು ಸವರಲ್ಲ," ಎಂದರು. "ನನಗೆ ಆ ಚಾಳಿ ಇಲ್ಲ. ಅದು ಅವನದು."

"ಹಾಗಾದ್ರೆ ನೋಡೇಬಿಡೋಣ," ಎಂದರು ಅಕ್ಕ.

ಅವತ್ತು ಅವರು ಜೀವಮಾನದ ಕಟ್ಟುಪಾಡು ಮುರಿದರು. ಹೊಸ ಪೆಟ್ಟಿಗೆಯಿಂದ ಮುಟ್ಟದ ಒಂದು ಬಿಲ್ಲೆ ತೆಗೆದು, ಮೊದಲು ಮುಖ ನೋಡಿದರು. ಭೂತಗನ್ನಡಿಯಲ್ಲಿ ನೋಡಿದರು, ನನಗೂ ತೋರಿಸಿದರು. ಎಲೆಹಾರ ಸುತ್ತಲೂ ಕಪ್ಪಗೆ, ಒಂದೇ ಸಮನಾಗಿತ್ತು. ಎಲ್ಲೂ ಹೊಳಪಿಲ್ಲ. ಆಮೇಲೆ ಬಿಲ್ಲೆಯನ್ನು ಕವುಚಿ ಹಿಡಿದು ಬೆನ್ನು ನೋಡತೊಡಗಿದರು. ಮೊದಲು ಕೈ ಬಿಗಿಯಾಗಿ ಇತ್ತು, ಹೆಬ್ಬೆರಳು ಅಲ್ಲಾಡಲಿಲ್ಲ. ಅಕ್ಕ ಬಟಾಣಿ ಬಿಡಿಸುತ್ತ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರಿಗೆ ಸೂಜಿಯ ಬುಡದಲ್ಲಿ ಏನೋ ಕಂಡಿತು. ಮುಖ ಹತ್ತಿರ ತಂದರು. ಹುಬ್ಬು ಗಂಟಾಯಿತು. ನಾವು ಅಲ್ಲಿದ್ದುದು ಅವರಿಗೆ ಮರೆತುಹೋಯಿತು.

ಆಗ ಹೆಬ್ಬೆರಳು ಹೊರಟಿತು.

ಅದು ಅವರ ಮೈಯಲ್ಲೇ ಇದ್ದರೂ ಅವರದಾಗಿರಲಿಲ್ಲ. ಕಣ್ಣು ಒಂದು ಕಡೆ, ಮನಸ್ಸು ಒಂದು ಕಡೆ. ಅಡಿಯಲ್ಲಿ ಆ ಬೆರಳು ಮಾತ್ರ ತನ್ನ ಪಾಡಿಗೆ ತಾನು, ಕೆಳಗಿನಿಂದ ಮೇಲಕ್ಕೆ, ಬಿಟ್ಟು, ಮತ್ತೆ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಒಣಗಿದ ಎಲೆ ನೆಲಕ್ಕೆ ತಾಗಿದಷ್ಟು ಸದ್ದು. ಹಲಗೆಯ ಆಚೆಯಿಂದ ಅಜ್ಜಿಯ ದನಿ ಬಂತು.

"ಬಂದೆಯಾ ಸಣ್ಣು? ಇವತ್ತು ತಡ ಮಾಡಿದೆ."

ಬೆರಳು ನಿಂತಿತು. ಬಿಲ್ಲೆಯಣ್ಣ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಬಿಲ್ಲೆಯನ್ನು ತಿರುಗಿಸಿದರು. ಕಪ್ಪಿನ ಮೇಲೆ ಆ ಜಾಗದಲ್ಲಿ, ಉಸಿರು ತಾಗಿದ ಕನ್ನಡಿಯಷ್ಟು ಮಸುಕಾಗಿ, ಒಂದು ಮಚ್ಚೆ ಆಗಲೇ ಮೂಡುತ್ತಿತ್ತು.

ಆ ಬಿಲ್ಲೆಗಳನ್ನು ಒತ್ತಿದವರು ಯಾರೋ ಈಗಲೂ ತಿಳಿಯದು. ಸಣ್ಣುವೇ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಆ ಹೊಳಪು ಮಾತ್ರ ಅವನ ಸುದ್ದಿಯಲ್ಲ. ಮರುದಿನ ಬೆಳಿಗ್ಗೆ ಬಿಲ್ಲೆಯಣ್ಣ ಮೇಷ್ಟ್ರ ಮನೆಗೆ ಹೋಗಿ, ತಮ್ಮ ಮುದ್ರೆ ಸುಳ್ಳು ಎಂದು ಹೇಳಿ, ಬಿಲ್ಲೆ ವಾಪಸು ಪಡೆದು ಬಂದರು. ಮಿಕ್ಕವರ ಮನೆಗೂ ಹೋದರು. ಕೋಟಿನವರು ಬಂದು ಬಾಯಿಗೆ ಬಂದಂತೆ ಅಂದರು. ಎಲ್ಲವನ್ನೂ ನಿಂತುಕೊಂಡೇ ಕೇಳಿಸಿಕೊಂಡರು. ಇನ್ನು ಉಳಿದದ್ದು ತಾಯಿಗೆ ಹೇಳುವುದು.

ಅವರು ಹಾಸಿಗೆಯ ಅಂಚಿಗೆ ಕೂತು ಹೇಳುವಾಗ ಅಕ್ಕ ನನ್ನ ಮೊಣಕೈ ಹಿಡಿದುಕೊಂಡಿದ್ದರು.

"ಅಮ್ಮಾ, ಸಣ್ಣು ವಿಷಯ ಏನೂ ತಿಳಿದಿಲ್ಲ. ಅವನು ಸವರಿದ್ದಲ್ಲ ಅದು. ನಾನೇ ಸವರ್ತಿದ್ದೆ. ನನಗೇ ಗೊತ್ತಿರಲಿಲ್ಲ. ಅವನ ಜಾಗದಲ್ಲಿ ನಿಂತು ನಿಂತು ಅವನ ಚಾಳಿ ನನ್ನ ಕೈಗೆ ಬಂದುಬಿಟ್ಟಿದೆ."

ಅಜ್ಜಿ ಅಳಲಿಲ್ಲ. "ಯಾವ ಕೈ?" ಎಂದು ಕೇಳಿದರು.

ಬಿಲ್ಲೆಯಣ್ಣ ಬಲಗೈ ಕೊಟ್ಟರು. ಅಜ್ಜಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದು ಬೆರಳನ್ನೂ ಬಿಡಿಸಿ, ಹೆಬ್ಬೆರಳಿಗೆ ಬಂದು, ಅದರ ಪಕ್ಕದಲ್ಲಿ ಗಟ್ಟಿಯಾಗಿದ್ದ ಚರ್ಮವನ್ನು ಮುಟ್ಟಿ ಮುಟ್ಟಿ ನೋಡಿದರು. ಅವರ ಮುಖ ಸಡಿಲವಾಯಿತು.

"ಇಲ್ಲೇ ಇದ್ದೆಯಲ್ಲೋ," ಎಂದರು.

ಅಂದಿನಿಂದ ಬಿಲ್ಲೆಯಣ್ಣ ಬಟ್ಟೆಯ ಕೈಗವಸು ಹಾಕಿಕೊಂಡು ಕೆಲಸ ಮಾಡುತ್ತಾರೆ. ಮೊದಲಿನಷ್ಟು ಕೆಲಸ ಬರುವುದಿಲ್ಲ. ಬಂದಷ್ಟನ್ನು ಬೆನ್ನಿನಿಂದಲೇ ಶುರುಮಾಡುತ್ತಾರೆ. ಬಲಗೈಯ ಗವಸು ಹೆಬ್ಬೆರಳಿನ ಪಕ್ಕದಲ್ಲಿ ಮೊದಲು ಹರಿಯುತ್ತದೆ. ಅಕ್ಕ ಅದನ್ನು ನನಗೆ ತಂದುಕೊಡುತ್ತಾರೆ, ನಾನು ತೇಪೆ ಹಾಕಿ ಕೊಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಗವಸು ತೆಗೆದು ತಾಯಿಯ ಕೋಣೆಗೆ ಹೋಗಿ ಕೂರುತ್ತಾರೆ. ಕೈ ಅಜ್ಜಿಯ ತೊಡೆಯ ಮೇಲೆ ಇರುತ್ತದೆ. ಅಜ್ಜಿ ಅದರ ಜೊತೆ ಮಾತಾಡುತ್ತಾರೆ. ಊಟ ಆಯಿತಾ, ಎಲ್ಲಿ ಮಲಗುತ್ತೀ, ಚಳಿಗೆ ಏನು ಹೊದೆಯುತ್ತೀ ಎಂದು ಕೇಳುತ್ತಾರೆ. ಕೇಳಿ, ತಡೆದು, ಉತ್ತರ ಸಿಕ್ಕವರ ಹಾಗೆ ತಲೆಯಾಡಿಸುತ್ತಾರೆ. ನಾನು ಪುಸ್ತಕ ಮಡಚಿ ಇಟ್ಟುಕೊಂಡು ಕಾಯುತ್ತೇನೆ.

ಮೊನ್ನೆ ಬಿಲ್ಲೆಯಣ್ಣ ನಡುವೆ, "ಅಮ್ಮಾ, ಸ್ವಲ್ಪ ನೀರು ಕುಡೀತೀಯಾ?" ಎಂದರು.

"ದೊಡ್ಡು, ಒಂದು ಗಳಿಗೆ ಸುಮ್ಮನಿರಪ್ಪ," ಎಂದರು ಅಜ್ಜಿ. "ಅವನು ಏನೋ ಹೇಳ್ತಿದ್ದಾನೆ."

ಬಿಲ್ಲೆಯಣ್ಣ ಕಿಟಕಿಯ ಕಡೆ ನೋಡುತ್ತ, ಆ ಕೈ ತಮ್ಮದಲ್ಲವೆಂಬಂತೆ ತೋಳನ್ನು ಸಡಿಲ ಬಿಟ್ಟು ಕೂತರು. ಅಜ್ಜಿಯ ಬಳೆಯ ಅಂಚಿನ ಮೇಲೆ ಹೆಬ್ಬೆರಳು ಕೆಳಗಿನಿಂದ ಮೇಲಕ್ಕೆ ಹೋಯಿತು.